ಇದು ಯಾತ್ರೆ ಅಲ್ಲ, ಭಾವನೋರೆ

ಆ ಭಾನುವಾರ ಬೆಳಿಗ್ಗೆ ಪಿ.ಜೆ. ಬಡಾವಣೆಯ ನಮ್ಮ ಮನೆಯ ಪಡಸಾಲೆಯಲ್ಲಿ ನಾವು ನಾಲ್ವರಿದ್ದೆವು. ಮಂಚದ ಮೇಲೆ ಕಾಲು ನೀಡಿಕೊಂಡು ಅತ್ತೆಯವರು, ಹಣೆಯ ವಿಭೂತಿ ಇನ್ನೂ ಹಸಿ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಯಜಮಾನರು, ನೋಯುವ ಮಂಡಿಯ ಮೇಲೆ ಬಿಸಿನೀರಿನ ಚೀಲ, ಮುಖಕ್ಕೆ ಅಡ್ಡವಾಗಿ ಪೇಪರು. ಚಾಪೆಯ ಮೇಲೆ ನಾನು. ನನಗೆ ಒತ್ತಿಕೊಂಡು ಕೂತವಳು ಹರಿಹರದ ನನ್ನ ಗೆಳತಿ. ನನ್ನ ತವರಿನ ಓಣಿಯವಳು, ಗಾದಿ ಅಂಗಡಿಯವರ ಮಗಳು, ಗಾದಿ ಅಂಗಡಿಯವರ ಮನೆಗೇ ಸೊಸೆಯಾಗಿ ಹೋದವಳು. ಅರಳೆಯ ರಾಶಿಯಲ್ಲೇ ಹುಟ್ಟಿ ಅದರಲ್ಲೇ ಬೆಳೆದವಳು ಅಂದರೂ ನಡೆಯುತ್ತದೆ.

ಐದನೆಯವನು ಫೋನಿನೊಳಗಿದ್ದ. ಫೋನನ್ನು ಹಿತ್ತಾಳೆ ತಂಬಿಗೆಗೆ ಒರಗಿಸಿ ನಿಲ್ಲಿಸಿದ್ದೆವು. ಆತ ನೇಪಾಳದ ಗೈಡ್, ಶೆರ್ಪಾ ಜನದವನು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅವನ ಬೆನ್ನ ಹಿಂದೆ ಕಲ್ಲಿನ ಗೋಡೆ, ಗೋಡೆಯ ಮೇಲೆ ಯಾರೋ ಒಣಹಾಕಿದ ಅಂಗಿ. ನಮ್ಮ ನಡುವೆ ಇದ್ದದ್ದು ಹಿಂದಿ. ಅವನದು ನೇಪಾಳಿಯ ಕಡೆ ವಾಲಿದ ಹಿಂದಿ, ಗೆಳತಿಯದು ಉರ್ದು, ನನ್ನದು ನಮ್ಮ ಪಾತ್ರೆ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಚೌಕಾಸಿ ಮಾಡಿ ಮಾಡಿ ಬಂದ ಹಿಂದಿ.

ದಸರಾ ಕಳೆದ ಮೇಲೆ ಬನ್ನಿ ಅಂದ. ಎತ್ತರದ ಊರುಗಳು, ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬೇಕು, ರಾತ್ರಿ ಅಲ್ಲಿನ ಮನೆಗಳಲ್ಲೇ ತಂಗೋದು, ತಿನ್ನೋಕೆ ಅನ್ನ, ಬೇಳೆ, ಆಲೂಗಡ್ಡೆ ಸಿಗುತ್ತೆ, ಮಾಂಸ ಮುಟ್ಟಬೇಕಾಗಿಲ್ಲ ಅಂದ. ಕೊನೆಗೆ, ಅಕ್ಕಾ, ಒಂದೇ ಒಂದು ಮಾತು ಮರೀಬೇಡಿ ಅಂತ ಬೆರಳೆತ್ತಿ ಹೇಳಿದ.

"ಬಿಸ್ತಾರೈ. ಬಿಸ್ತಾರೈ, ಬಿಸ್ತಾರೈ."

ಅಷ್ಟರಲ್ಲಿ ಅವನ ಮುಖ ಚೌಕ ಚೌಕವಾಗಿ ಒಡೆದು ಫೋನು ಕಟ್ಟಾಯಿತು.

"ಕೇಳಿದ್ಯಾ?" ಅಂದಳು ಗೆಳತಿ, ಕಣ್ಣು ಇಷ್ಟಗಲ. "ಬಿಸ್ತರ್ ಅಂದ! ಹಾಸ್ಗೆ! ಒಂದ್ಸಲ ಅಲ್ಲ, ಮೂರ್ಸಲ ಅಂದಾನೆ. ಅಲ್ಲಿ ಹಾಸ್ಗೆದೇ ದೊಡ್ಡ ವಿಚಾರ ಐತೆ ನೋಡು."

"ಚಳಿ ಊರು," ಅಂದರು ಅತ್ತೆಯವರು. "ಹಾಸ್ಗೆ ಇಲ್ದೆ ಹೆಂಗೆ ಮಲಗ್ತೀರಿ?"

ಯಜಮಾನರು ಪೇಪರಿನ ಹಿಂದಿನಿಂದ, "ಗಾದಿ ಅಂಗ್ಡಿಯೋರು ಜೊತೆಗಿದಾರೆ, ಇನ್ನೇನು ಬೇಕು," ಅಂದರು. ಅಲ್ಲಿಗೆ ಅದು ತೀರ್ಮಾನವಾಯಿತು.

ಇಷ್ಟಕ್ಕೂ ಅರವತ್ತರ ಹತ್ತಿರ ಬಂದ ಪಾತ್ರೆ ಅಂಗಡಿಯ ಹೆಂಗಸಿಗೆ ಶೆರ್ಪಾ ಜನರ ಹಳ್ಳಿ ಯಾಕೆ ಬೇಕಾಯಿತು ಅಂತ ನೀವೂ ಕೇಳಬಹುದು, ಕೇಳದೆ ಬಿಟ್ಟವರು ದಾವಣಗೆರೆಯಲ್ಲಿ ಯಾರೂ ಇಲ್ಲ. ಹಿಂದೊಮ್ಮೆ ಅತ್ತೆಯವರನ್ನು ಕರೆದುಕೊಂಡು ಉತ್ತರದ ಯಾತ್ರೆಗೆ ಹೋಗಿದ್ದೆ. ಬಸ್ಸಿನ ತುಂಬ ನಮ್ಮವರೇ. ಗುಡ್ಡದ ತಿರುವಿನಲ್ಲಿ ಬಸ್ಸಿನ ಟೈರು ಬದಲಿಸಲು ನಿಲ್ಲಿಸಿದರು. ಕಿಟಕಿಯಿಂದ ನೋಡುತ್ತೇನೆ, ಒಬ್ಬ ಹೆಂಗಸು ಬೆನ್ನ ಮೇಲೆ ಸೌದೆಯ ಹೊರೆ ಹೊತ್ತು, ಹೊರೆಯ ಪಟ್ಟಿಯನ್ನು ಹಣೆಗೆ ಕಟ್ಟಿಕೊಂಡು, ಕಾಲುದಾರಿ ಹಿಡಿದು ಮೇಲೆ ಹೋಗುತ್ತಿದ್ದಾಳೆ. ಮೇಲೆ, ಬಹಳ ಮೇಲೆ, ಒಂದು ಮನೆ; ಮನೆಯ ಮೇಲೆ ಹೊಗೆ. ನಾನು ಇಳಿದು ಹತ್ತು ಹೆಜ್ಜೆ ಆ ದಾರಿಯಲ್ಲಿ ಇಟ್ಟಿದ್ದೆನೋ ಇಲ್ಲವೋ, ನಮ್ಮ ಯಾತ್ರೆಯ ಮುಂದಾಳು ಕೂಗಿದ, "ಅಕ್ಕಾರೆ, ಎತ್ಲಾಗೆ ಹೊಂಟ್ರಿ? ಅಲ್ಲಿ ಏನೂ ಇಲ್ಲ! ಗುಡಿ ಇನ್ನೂ ಮುಂದೈತೆ, ಬರ್ರಿ!"

ಹೋದೆ. ಗುಡಿ ನೋಡಿದೆ, ಕೈ ಮುಗಿದೆ. ಆದರೆ ಆ 'ಏನೂ ಇಲ್ಲ' ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಮನೆ ಇದೆ, ಒಲೆ ಇದೆ, ಹೊರೆ ಹೊತ್ತ ಹೆಂಗಸಿದ್ದಾಳೆ, ಏನೂ ಇಲ್ಲವಂತೆ! ಅಂದಿನಿಂದ ಅಂಗಡಿಗೆ ಯಾರು ಯಾತ್ರೆಗೆಂದು ಫ್ಲಾಸ್ಕು, ಟಿಫನ್ ಕ್ಯಾರಿಯರ್ ಕೊಳ್ಳಲು ಬಂದರೂ ನನಗೆ ಆ ದಾರಿಯೇ ಕಣ್ಣಿಗೆ ಕಟ್ಟುತ್ತಿತ್ತು. ಕೊನೆಗೆ ಒಂದು ದಿನ ಡಾಕ್ಟರಿಕೆ ಓದುವ ಹುಡುಗಿಯೊಬ್ಬಳು ಫ್ಲಾಸ್ಕು ಕೊಳ್ಳಲು ಬಂದಳು. ತಾನು ಹಿಂದಿನ ವರ್ಷ ಶೆರ್ಪಾ ಹಳ್ಳಿಗಳಲ್ಲಿ ನಡೆದು ಬಂದದ್ದನ್ನು ಹೇಳಿದಳು, ಅವಳೇ ಈ ಗೈಡಿನ ನಂಬರು ಕೊಟ್ಟಳು. ಸಂಜೆ ಹರಿಹರಕ್ಕೆ ಫೋನು ಹಚ್ಚಿ, "ಬರ್ತೀಯೇನೆ?" ಅಂದೆ. "ಎಲ್ಲಿಗೆ ಅಂತ ಆಮೇಲೆ ಹೇಳು, ಬರ್ತೀನಿ," ಅಂದಳು ಗೆಳತಿ.

ನಮ್ಮ ಬಡಾವಣೆಯ ಡಾಕ್ಟರರು ಎದೆಗೆ ಕೊಳವೆ ಇಟ್ಟು, ಇಬ್ಬರನ್ನೂ ಮೆಟ್ಟಿಲು ಹತ್ತಿಸಿ ಇಳಿಸಿ, "ಗಟ್ಟಿ ಇದೀರಿ, ಹೋಗ್ರಿ. ಆದ್ರೆ ಮೇಲೆ ತಲೆನೋವು ಹತ್ಕೊಂಡ್ರೆ ಹಟ ಮಾಡ್ಬ್ಯಾಡ್ರಿ, ಅವತ್ತೇ ಕೆಳಗಿಳೀರಿ," ಅಂದರು. ಅಭ್ಯಾಸ ಶುರುವಾಯಿತು.

ಗೆಳತಿ ಹೊಸ ಅರಳೆ ತುಂಬಿ ಎರಡು ರಜಾಯಿ ಹೊಲಿದಳು. ಒಂದೊಂದೂ ಎಂಥ ರಜಾಯಿ ಅಂತೀರಿ, ಸುತ್ತಿ ಹಗ್ಗ ಕಟ್ಟಿದರೆ ಕರುವಿನ ಗಾತ್ರ. ಭಾರ ಹೊತ್ತೇ ರೂಢಿಯಾಗಬೇಕು ಅಂತ ಅದನ್ನು ಬೆನ್ನಿಗೆ ಕಟ್ಟಿಕೊಂಡು ಬೆಳಗಿನ ಜಾವ ನಾನು ದಾವಣಗೆರೆಯ ಬೀದಿಗಿಳಿದೆ. ಆಗ ಗೊತ್ತಾಯಿತು, ನಮ್ಮೂರಲ್ಲಿ ಗಂಟು ಹೊತ್ತ ಹೆಂಗಸನ್ನು ನಡೆಯಲು ಬಿಡುವುದಿಲ್ಲ. ಹಾಲಿನವನು ಬೈಕು ನಿಲ್ಲಿಸಿದ. ಹೂವಿನವನು ನಿಲ್ಲಿಸಿದ. ಆಟೋದವರಂತೂ ಸಾಲಾಗಿ ನಿಂತರು.

"ಕೂಡ್ರಿ ಅಕ್ಕಾರೆ, ಬಸ್ ಸ್ಟ್ಯಾಂಡಿಗೆ ಬಿಡ್ತೀನಿ."

"ಬ್ಯಾಡಪ್ಪ, ನಡೀಬೇಕು."

"ರೊಕ್ಕ ಬ್ಯಾಡ ಬಿಡ್ರಿ, ಕೂಡ್ರಿ!"

"ರೊಕ್ಕದ್ದಲ್ಲೋ, ನಡಿಯೋಕೇ ಹೊಂಟೀನಿ."

"ನಡ್ದು ಎಲ್ಲಿಗೆ ಹೋಗ್ತೀರಿ?"

"ಎಲ್ಲಿಗೂ ಇಲ್ಲ. ಹಿಂಗೆ ಹೋಗಿ ಹಿಂಗೆ ಮನೀಗೆ ಬರ್ತೀನಿ."

ಪಾಪ, ಅವನು ನನ್ನ ಮುಖ ನೋಡಿದ ಬಗೆ ಇವತ್ತಿಗೂ ಮರೆತಿಲ್ಲ.

ಭಾನುವಾರಗಳಲ್ಲಿ ಗಂಟಿನ ಸಮೇತ ಬಸ್ಸು ಹತ್ತಿ ಹರಿಹರಕ್ಕೆ ಹೋಗುತ್ತಿದ್ದೆ. ಅಲ್ಲಿಂದ ಇಬ್ಬರೂ ಚಾನೆಲ್ ಏರಿಯ ಮೇಲೆ ಭಾನುವಳ್ಳಿಯ ಕಡೆಗೆ ನಡೆಯುವುದು. ಎಡಕ್ಕೆ ಕಾಲುವೆಯ ನೀರು, ಬಲಕ್ಕೆ ಭತ್ತದ ಗದ್ದೆ, ಬೆನ್ನ ಮೇಲೆ ರಜಾಯಿ. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ಕೂಗಿದರು, "ಯವ್ವಾ, ರಜಾಯಿ ಹೆಂಗೆ ಕೊಟ್ರಿ?"

"ಮಾರೋದಲ್ಲವ್ವಾ," ಅಂದೆ ನಾನು.

"ಸುಮ್ನಿರೇ," ಅಂತ ನನ್ನ ತಿವಿದು ಗೆಳತಿ ಏರಿಯಿಂದ ಇಳಿದೇಬಿಟ್ಟಳು. ಗಂಟು ಬಿಚ್ಚಿ, ಹೊಲಿಗೆ ತೋರಿಸಿ, ಅರಳೆ ಮುಟ್ಟಿಸಿ, ಮಗಳ ಬಾಣಂತನಕ್ಕೆ ಬೇಕು ಅಂದವಳೊಬ್ಬಳಿಂದ ಆರ್ಡರು ಹಿಡಿದೇ ಮೇಲೆ ಬಂದಳು. "ನಿನ್ನ ಹಿಮಾಲಯ ಎಲ್ಲಿಗೂ ಓಡೋದಿಲ್ಲ. ಗಿರಾಕಿ ಓಡ್ತಾರೆ."

ಅವಳ ಮನೆಯಲ್ಲೂ ಎಲ್ಲ ಸಲೀಸಾಗಿರಲಿಲ್ಲ. ಮೊದಲು ಮಕ್ಕಾ ಮುಗಿಸು, ಆಮೇಲೆ ಬೆಟ್ಟ ಗುಡ್ಡ ಸುತ್ತು ಅಂದಿದ್ದರಂತೆ ಅವಳ ಚಿಕ್ಕಮ್ಮಂದಿರು. "ಅದು ಅಲ್ಲಾಹ್ ಕರೆದಾಗ. ಇದು ನನ್ನ ಗೆಳತಿ ಕರೆದಿದ್ದು," ಅಂತ ಹೇಳಿ ಹೊಲಿಗೆ ಯಂತ್ರದ ಗಾಲಿ ತಿರುಗಿಸಿದಳಂತೆ.

ಇತ್ತ ದಾವಣಗೆರೆಯಲ್ಲಿ ಬೇರೆಯೇ ಕತೆ ಹುಟ್ಟಿತು. ವಾರವಾರವೂ ಹಾಸಿಗೆ ಹೊತ್ತು ತವರಿನ ಬಸ್ಸು ಹತ್ತುವ ಹೆಂಗಸು ಅಂದರೆ ಏನರ್ಥ? ಪಾತ್ರೆ ಅಂಗಡಿಯಮ್ಮ ಗಂಡನ ಜೊತೆ ಜಗಳ ಮಾಡಿಕೊಂಡು ಮನೆ ಬಿಟ್ಟಿದ್ದಾಳೆ! ಗಿರಾಕಿಗಳು ಬಂದು ಯಜಮಾನರ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು, "ಮನ್ಯಾಗೆ ಎಲ್ಲಾ ಚಲೋ ಐತಲ್ರಿ?" ಅನ್ನುವರು. ಇವರು ತಕ್ಕಡಿಯಿಂದ ಕಣ್ಣೆತ್ತದೆ, "ಸಂಜೀಕೆ ಬರ್ತಾಳ್ರಿ," ಅನ್ನುವರು. ಅದರಿಂದ ಅನುಮಾನ ಇನ್ನೂ ಗಟ್ಟಿಯಾಗುತ್ತಿತ್ತು.

ಆ ಮಾತು ಮೆಕ್ಕೆಜೋಳದ ಮಂಡಿಯಲ್ಲಿದ್ದ ನಮ್ಮ ಭಾವನವರ ಕಿವಿಗೆ ಬಿತ್ತು. ಯಜಮಾನರ ಅಣ್ಣ, ಮಾವನವರು ಹೋದ ಮೇಲೆ ಮನೆತನದ ಮಾತು ಅವರದೇ. ಅಣ್ಣನ ಮಾತಿಗೆ ಇವರು ಎಂದೂ ಎದುರಾಡಿದವರಲ್ಲ. ಭಾವನವರು ಎಂ.ಸಿ.ಸಿ. ಬಡಾವಣೆಯಿಂದ ಸ್ಕೂಟರಿನಲ್ಲಿ ಬಂದು, ಚಪ್ಪಲಿ ಬಿಡುತ್ತಲೇ ಶುರುಮಾಡಿದರು.

"ನೋಡವ್ವ, ನಾನು ಹೋಗಬ್ಯಾಡ ಅನ್ನೋದಿಲ್ಲ. ಆದ್ರೆ ಮಂಡಿಯಾಗೆ ನಾನು ತಲೆ ಎತ್ತಿ ಕೂಡಬೇಕೋ ಬ್ಯಾಡೋ? ಟ್ರೆಕ್ಕಿಂಗ್ ಅಂತೆ. ಈ ವಯಸ್ಸಿಗೆ. ಯಾರಿಗೆ ಏನಂತ ಹೇಳ್ಲಿ?"

"ನಡಿಯೋಕೆ ಹೋಗ್ತಾಳೆ ಅಂತ ಹೇಳ್ರಿ."

"ಯಾತ್ರೆ ಅಂತ ಹೇಳ್ತೀನಿ. ಕಠ್ಮಂಡುವಿನಾಗೆ ಪಶುಪತಿ ಅದಾನೆ. ಅಲ್ಲಿಂದ ನೀನು ಎತ್ಲಾಗೆ ಹೋದ್ರೂ ಯಾರು ಕೇಳ್ತಾರೆ? ಯಾತ್ರೆ ಅಂದ್ರೆ ಇದೇ ಜನ ಬಂದು ಕಾಲಿಗೆ ಬೀಳ್ತಾರೆ. ಒಂದು ಮಾತು ಬದ್ಲಿ ಮಾಡೋದ್ರಾಗೆ ನಿನ್ನ ಗಂಟೇನು ಹೋಗ್ತೈತೆ?"

ನಿಜ ಹೇಳುತ್ತೇನೆ, ಅದು ಸುಲಭದ ದಾರಿಯಾಗಿತ್ತು. ಹೂಂ ಅಂದಿದ್ದರೆ ಅವರೇ ಟಿಕೀಟು ಮಾಡಿಸಿ, ಹೂವಿನ ಹಾರ ಹಾಕಿ ಕಳಿಸುತ್ತಿದ್ದರು. ಆದರೆ ನನಗೆ ಬಸ್ಸಿನ ಆ ಮುಂದಾಳು ನೆನಪಾದ. ಗುಡಿ ಇಲ್ಲದ ಕಡೆ ಏನೂ ಇಲ್ಲ ಅಂದವನು. ಯಾತ್ರೆ ಅಂದ ಕೂಡಲೇ ನಾನೂ ಅವನ ಬಸ್ಸಿಗೇ ಮತ್ತೆ ಹತ್ತಿದ ಹಾಗೆ.

"ಆಗೋದಿಲ್ಲ ಭಾವನೋರೆ," ಅಂದೆ.

"ಯಾಕ?"

"ಕೊರಳಾಗೆ ಲಿಂಗ ಕಟ್ಕೊಂಡೀನಿ. ದಿನಾ ಅಂಗೈಯಾಗೆ ಇಟ್ಕೊಂಡು ಪೂಜೆ ಮಾಡ್ತೀನಿ. ನನ್ನ ದೇವ್ರು ನನ್ನ ಜೊತೆಗೇ ಬರ್ತಾನೆ. ಅವನ್ನ ಎದಿ ಮ್ಯಾಲೆ ಇಟ್ಕೊಂಡು, ದೇವ್ರನ್ನ ಹುಡುಕೋಕೆ ಹೊಂಟೀನಿ ಅಂತ ಊರಿಗೆ ಸುಳ್ಳು ಹೇಳ್ಲಾ? ಇನ್ನೊಂದು, ನನ್ನ ಜೊತೆ ಬರ್ತಿರೋಳು ಯಾರು? ಅವಳನ್ನ ಯಾವ ಯಾತ್ರೆಗೆ ಸೇರಸ್ತೀರಿ?"

ಭಾವನವರು ತಟ್ಟೆಯಲ್ಲಿದ್ದ ಚಾ ಹಾಗೇ ಬಿಟ್ಟು ಎದ್ದರು. "ಯಾತ್ರೆ ಅಂದ್ರೆ ಹೋಗು. ಇಲ್ಲಾಂದ್ರೆ ಈ ಮನೆಯಿಂದ ಹೋಗಬ್ಯಾಡ," ಅಂದರು. ಯಜಮಾನರ ಮುಖ ನೋಡಿದೆ. ಅವರು ಮಂಡಿ ನೀವಿಕೊಳ್ಳುತ್ತಿದ್ದರು. ಅತ್ತೆಯವರು ಮಗ್ಗುಲು ಬದಲಿಸಿದರು. ಮಲಗಿದ್ದಾರೋ ಕೇಳುತ್ತಿದ್ದಾರೋ ಗೊತ್ತಾಗಲಿಲ್ಲ.

ಮುಂದಿನ ಸೋಮವಾರ ಸಂಜೆ ನಾನು ದೀಪ ಹಚ್ಚುತ್ತಿದ್ದೇನೆ, ಬಾಗಿಲಲ್ಲಿ ಬಳೆಗಳ ಸದ್ದು. ಭಾವನವರ ಹೆಂಡತಿ ಮುಂದೆ, ಹಿಂದೆ ಓಣಿಯ ಹೆಂಗಸರು. ಕೈಯಲ್ಲಿ ತಟ್ಟೆಗಳು, ತಟ್ಟೆಯಲ್ಲಿ ಕುಪ್ಪಸದ ಕಣ, ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ. ಯಾತ್ರೆಗೆ ಹೋಗುವವಳಿಗೆ ಉಡಿ ತುಂಬಲು ಬಂದಿದ್ದರು. ಎಲ್ಲರಿಗಿಂತ ಹಿಂದೆ ಭಾವನವರು, ಹೆಗಲ ಮೇಲೆ ಶಲ್ಯ. ನನ್ನನ್ನು ಕೇಳದೆ ಊರಿಗೆಲ್ಲ ಹೇಳಿಬಿಟ್ಟಿದ್ದರು. ಇಷ್ಟು ಜನ ತಟ್ಟೆ ಹಿಡಿದು ಬಂದ ಮೇಲೆ ಇವಳು ಹೇಗೆ ಇಲ್ಲ ಅಂತಾಳೆ ಅನ್ನುವ ಲೆಕ್ಕ.

ಇಷ್ಟೇ ಆಗಿದ್ದರೆ ಏನೋ, ನಾನೂ ನಕ್ಕು ಸುಮ್ಮನಾಗುತ್ತಿದ್ದೆನೇನೋ. ಆದರೆ ಎದುರು ಸಾಲಿನ ಮನೆಯಾಕೆ ಹತ್ತಿರ ಬಂದು, ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಕಾಯಿಯೊಂದನ್ನು ನನ್ನ ಕೈಗಿಟ್ಟು, ದನಿ ತಗ್ಗಿಸಿ ಹೇಳಿದಳು. "ಅಕ್ಕಾ, ಇದು ಹರಕಿ ಕಾಯಿ. ಅಲ್ಲಿ ದೇವ್ರ ಮುಂದೆ ಒಡಸ್ಬಿಡ್ರಿ. ಮಗಳಿಗೆ ಇನ್ನೂ ಕಂಕಣ ಕೂಡಿಲ್ಲ, ನಿಮಗೆ ಗೊತ್ತೈತಲ್ಲ."

ಕಾಯಿ ನನ್ನ ಕೈಯಲ್ಲಿ ಕೆಂಡದ ಹಾಗೆ ಸುಟ್ಟಿತು. ಇವಳ ಹರಕೆ ಹೊತ್ತು ನಾನು ಎಲ್ಲಿ ಇಳಿಸಲಿ? ಆಲೂಗಡ್ಡೆ ಹೊಲದಲ್ಲೇ? ಯಾತ್ರೆ ಅನ್ನುವುದು ಬರೀ ಒಂದು ಮಾತು ಅಂದಿದ್ದರಲ್ಲ ಭಾವನವರು, ಆ ಮಾತಿನ ಭಾರ ಆಗ ಗೊತ್ತಾಯಿತು. ಕಾಯಿಯನ್ನು ಅವಳ ಕೈಗೇ ವಾಪಸಿಟ್ಟೆ.

"ಅವ್ವಾ, ತಪ್ಪು ತಿಳೀಬ್ಯಾಡ. ನಾನು ಯಾತ್ರೆಗೆ ಹೋಗ್ತಿಲ್ಲ. ಗುಡ್ಡದ ಹಳ್ಳಿಗಳಾಗೆ ನಡಿಯೋಕೆ ಹೋಗ್ತೀನಿ, ಅಲ್ಲಿ ಜನ ಹೆಂಗದಾರೆ ನೋಡೋಕೆ. ನಿನ್ನ ಹರಕಿ ನಾನು ಮುಟ್ಸೋಕೆ ಆಗೋದಿಲ್ಲ. ನಿಜವಾಗ್ಲೂ ದೇವ್ರ ಹತ್ರ ಹೋಗೋರ ಕೈಯಾಗೆ ಕೊಡು."

ಭಾವನವರು ಮುಂದೆ ಬಂದರು. "ಅವಳ ತಮಾಷಿ ಅದು. ಅಲ್ಲಿ ದೇವ್ರು ಇಲ್ದೆ ಏನು?"

ಆ ಹೊತ್ತಿಗೆ ಫೋನು ಹೊಡೆದುಕೊಂಡಿತು. ಸೋಮವಾರ ಸಂಜೆ ಮಾತಾಡೋಣ ಅಂತ ಗೈಡಿಗೆ ನಾವೇ ಹೇಳಿದ್ದೆವು. ಅದಕ್ಕೇ ಗೆಳತಿಯೂ ಹರಿಹರದಿಂದ ಬಂದು ಮೂಲೆಯಲ್ಲಿ ರಜಾಯಿ ಗಂಟುಗಳ ಪಕ್ಕ ಕೂತಿದ್ದಳು. ನಾನು ಕೈ ಹಾಕುವ ಮೊದಲೇ ಭಾವನವರು ಫೋನು ಎತ್ತಿ, ಮಂಡಿಯ ಹಿಂದಿಯಲ್ಲಿ ಗುಡುಗಿದರು, "ಹಾಂ ಭಾಯಿ, ಉಧರ್ ಕೌನ್ಸಾ ಭಗವಾನ್ ಹೈ?"

ಗೈಡ್ ತಬ್ಬಿಬ್ಬಾದ. ಎಲ್ಲ ಕಡೆ ಇದಾನಲ್ಲ ಸಾಹೇಬರೆ ಅಂದ. ನಮ್ಮ ಗುಡ್ಡವೇ ನಮಗೆ ದೇವರು, ಊರೂರಿಗೂ ನಮ್ಮ ಬೌದ್ಧರ ಮಠ ಇದೆ ಅಂದ. ಭಾವನವರು ಗೆದ್ದ ಮುಖ ಮಾಡಿ ಎಲ್ಲರ ಕಡೆ ತಿರುಗುವಷ್ಟರಲ್ಲಿ ಆತನೇ ಕೇಳಿದ, "ಆದರೆ ಅಕ್ಕಂದಿರು ಬರೋದು ನಮ್ಮ ಹಳ್ಳಿ ನೋಡೋಕೆ, ನಡಿಯೋಕೆ ಅಂದಿದ್ದರಲ್ಲ?"

ಗೆಳತಿ ಅದನ್ನು ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದಳು. ಭಾವನವರ ಮುಖ ಇಳಿಯಿತು. ಅದನ್ನು ಮುಚ್ಚಿಕೊಳ್ಳಲು ಫೋನನ್ನು ಮೂಲೆಗೆ ತಿರುಗಿಸಿ, "ಮತ್ತೆ ಇಷ್ಟು ದೊಡ್ಡ ಗಂಟು ಹೊರು ಅಂತ ಹೆಣ್ಮಕ್ಕಳಿಗೆ ಯಾಕ ಹೇಳಿದ್ರಿ?" ಅಂತ ಅವನ ಮೇಲೆ ಹರಿಹಾಯ್ದರು.

"ಏನದು?"

"ನೀವೇ ಅಂದಿದ್ರಲ್ಲ, ಬಿಸ್ತರ್ ಬಿಸ್ತರ್ ಅಂತ!" ಅಂದಳು ಗೆಳತಿ.

ಆತ ನಗಲು ಶುರುಮಾಡಿದ. ನಕ್ಕು ನಕ್ಕು ಅವನ ಫೋನೇ ಅಲ್ಲಾಡಿತು. ಬಿಸ್ತರ್ ಅಲ್ಲ ಅಕ್ಕಾ, ಬಿಸ್ತಾರೈ. ನಮ್ಮ ಮಾತಿನಲ್ಲಿ ಅಂದರೆ ಮೆಲ್ಲಗೆ. ಅವಸರ ಮಾಡದೆ ಮೆಲ್ಲಗೆ ನಡೀರಿ ಅಂತ ಹೇಳಿದ್ದು. ಹಾಸಿಗೆ ಇಲ್ಲಿ ಮನೆಮನೆಯಲ್ಲೂ ಇದೆ ಅಂದ.

ಉಡಿ ತುಂಬಲು ಬಂದವರೆಲ್ಲ ಬಾಯಿಗೆ ಸೆರಗು ಹಿಡಿದರು. "ಹೋಯ್ತಲ್ಲೇ ನನ್ನ ಅರಳೆ!" ಅಂತ ಗೆಳತಿ ಹಣೆ ಚಚ್ಚಿಕೊಂಡಳು. ಪೇಪರಿನ ಹಿಂದೆ ಯಜಮಾನರ ಭುಜ ಕುಣಿಯುತ್ತಿತ್ತು.

"ಏನಂದ ಅವನು?" ಅಂತ ಮಂಚದಿಂದ ಅತ್ತೆಯವರು ಕೇಳಿದರು.

"ಸಾವಕಾಶ ಬರ್ರಿ ಅಂದ ಅತ್ತೆಮ್ಮ," ಅಂದೆ.

"ಸಾವಕಾಶ," ಅಂತ ಆ ಮಾತನ್ನು ಬಾಯಲ್ಲಿಟ್ಟು ನೋಡಿದರು. "ಚಲೋ ಮಾತಾಡ್ತಾನೆ. ನನ್ನ ಏಳಸ್ರಿ."

ನನಗೆ ಮಾತು ಕಲಿಸಿದವರು ಅವರು. ಒಂದು ಮಾತಿನ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಆಗದು ಅವರಿಗೆ. ಹೊಸ ಸೊಸೆ ನಾನು ಚಟ್ನಿಯನ್ನು ಪಲ್ಯ ಅಂದರೆ ತಟ್ಟೆ ಸರಿಸಿ, ಸರಿಯಾಗಿ ಅಂದ ಮೇಲೆಯೇ ಉಣ್ಣುತ್ತಿದ್ದವರು. ಯಜಮಾನರ ಹೆಗಲು ಹಿಡಿದು ನಿಂತರು.

"ಅಕ್ಕಿ ತರ್ರಿ. ಇವಳಿಗೆ ಉಡಿ ತುಂಬಬೇಕು."

"ಯವ್ವಾ," ಅಂದರು ಭಾವನವರು, "ಯಾತ್ರೆ ಅಲ್ಲ ಅಂತ ಅವಳೇ ಬಾಯಿ ಬಿಟ್ಟು ಹೇಳಿದ್ಲಲ್ಲ. ಇನ್ಯಾಕ ಉಡಿ?"

"ಉಡಿ ಯಾತ್ರೆಗೆ ತುಂಬ್ತಾರೇನೋ? ಹೊರಗೆ ಹೋಗೋ ಹೆಣ್ಮಗಳಿಗೆ ತುಂಬ್ತಾರೆ. ತಿರುಗಿ ಮನೀಗೆ ಬಾ ಅಂತ. ಯಾತ್ರೆ ಯಾತ್ರೆ. ನಡಿಯೋದು ನಡಿಯೋದು. ನಾನು ಯಾತ್ರೆ ಮಾಡೀನಿ, ನನಗೆ ಗೊತ್ತೈತೆ. ಅವಳು ಅದಲ್ಲ ಅಂದ್ಲು, ಅಲ್ಲ. ಸುಳ್ಳು ಹೇಳಿ ಹೋಗೋಳು ಆಗಿದ್ರೆ ನಾನು ಏಳ್ತಿರ್ಲಿಲ್ಲ."

ನಾನು ಸೆರಗು ಒಡ್ಡಿದೆ. ಅವರು ಸುರಿದ ಅಕ್ಕಿಯಲ್ಲಿ ಅರ್ಧ ನೆಲಕ್ಕೆ ಬಿತ್ತು. ಆಮೇಲೆ ಮೂಲೆಯ ಕಡೆ ತಿರುಗಿ, "ಗಾದಿ ಅಂಗ್ಡಿಯೋಳೆ, ನೀನೇನು ಹೊಸಬಳೇನು? ಬಾ, ಸೆರಗು ಹಿಡಿ," ಅಂದರು.

ಎಲ್ಲರೂ ಸಂತೋಷಪಟ್ಟರು ಅಂತ ನಾನು ಹೇಳುವುದಿಲ್ಲ. ಎದುರು ಸಾಲಿನಾಕೆ ಹರಕೆಯ ಕಾಯಿಯನ್ನು ಎದೆಗವಚಿಕೊಂಡು ಮಾತಾಡದೆ ಹೋದಳು. ಆದರೆ ಹೋದಳು, ಕಾಯಿ ತೆಗೆದುಕೊಂಡೇ ಹೋದಳು, ನನಗಷ್ಟೇ ಬೇಕಾಗಿತ್ತು. ಇಬ್ಬರು ತಟ್ಟೆಯನ್ನು ತಂದ ಹಾಗೇ ವಾಪಸು ಒಯ್ದರು. ಭಾವನವರು ಅವ್ವನ ಮಾತಿಗೆ ಎದುರು ಹೇಳಲಾರದೆ ಸ್ಕೂಟರು ಹತ್ತಿದರು, ದಸರಾಕ್ಕೂ ನಮ್ಮ ಮನೆಗೆ ಬರಲಿಲ್ಲ. ಬನ್ನಿ ಕೊಡಲು ನಾನೇ ಅವರ ಮನೆಗೆ ಹೋದೆ. ತೆಗೆದುಕೊಂಡರು, ಮಾತಾಡಲಿಲ್ಲ. ನಾನೂ ತಪ್ಪಾಯಿತು ಅನ್ನಲಿಲ್ಲ. ಆಗಿರಲಿಲ್ಲವಲ್ಲ.

ರಜಾಯಿಗಳಲ್ಲಿ ಒಂದು ಭಾನುವಳ್ಳಿಯ ಬಾಣಂತಿಗೆ ಹೋಯಿತು. ಇನ್ನೊಂದನ್ನು ಅತ್ತೆಯವರು ಹೊದ್ದುಕೊಂಡರು. ನಾವು ಹಗುರವಾದ ಚೀಲ ಹೊತ್ತು ಹೊರಟೆವು.

ಮೇಲೆ, ಆ ಹಳ್ಳಿಗಳಲ್ಲಿ, ಸಾವಕಾಶವಾಗಿಯೇ ನಡೆದೆವು. ನೋಡಬೇಕೆಂದು ಗುರುತಿಟ್ಟುಕೊಂಡಿದ್ದ ಕೊನೆಯ ಊರು ಎದುರಿನ ಏರಿನಲ್ಲಿ ಕಾಣುತ್ತಿತ್ತು, ಕಲ್ಲಿನ ಮನೆಗಳು, ಮೇಲೆ ಹೊಗೆ. ಅಷ್ಟರಲ್ಲಿ ಗೆಳತಿಗೆ ತಲೆನೋವು ಹತ್ತಿತು. ಕಲ್ಲಿನ ಮೇಲೆ ಕೂತವಳು ಏಳಲಾರಳು. ಗೈಡ್ ಅವಳ ಕಣ್ಣು ನೋಡಿ, ಕೆಳಗೆ ಅಂತ ಕೈ ತೋರಿಸಿದ.

"ನೀನಾದ್ರೂ ಹೋಗಿ ಬಾ," ಅಂದಳು. "ಇಷ್ಟೆಲ್ಲ ಹೋರಾಡಿ ಬಂದು, ಮುಟ್ಟದೇ ಹೋದ್ರೆ ಹೆಂಗೆ?"

"ಹರಕಿ ಹೊತ್ತು ಬಂದೀವೇನು?" ಅಂದೆ. "ಏಳು."

ಮೂವರೂ ಇಳಿದೆವು. ಹಿಂದಿನ ರಾತ್ರಿ ತಂಗಿದ್ದ ಮನೆಗೇ ಬಂದೆವು. ಆ ಮನೆಯಾಕೆ ಏನೂ ಕೇಳದೆ ಒಲೆಗೆ ಇನ್ನೊಂದು ಸೌದೆ ಹಾಕಿ ಚಹಾ ಕೊಟ್ಟಳು. ಮಾರನೆಯ ದಿನ ಗೆಳತಿಯ ತಲೆನೋವು ಬಿಟ್ಟಿತು. ಆ ದಿನ ನಾವು ಎಲ್ಲಿಗೂ ಹೋಗಲಿಲ್ಲ. ಅಂಗಳದ ಬಿಸಿಲಿನಲ್ಲಿ ಮನೆಯಾಕೆಯ ಜೊತೆ ಕೂತು ಬೇಯಿಸಿದ ಆಲೂಗಡ್ಡೆ ಸುಲಿದೆವು.